ದಶಮಾಂಶ ಕೊಟ್ಟಾಯಿತು, ಉಳಿದ ಒಂಬತ್ತು ಪಾಲು ಯಾರದು?

ಪ್ರಶ್ನೆ: ಅಣ್ಣಾ, ಸ್ತೋತ್ರ. ನನಗೆ 34 ವರ್ಷ. ಅಪ್ಪ ಕಟ್ಟಿದ ಮೆಕ್ಕೆಜೋಳದ ವ್ಯಾಪಾರ ಈಗ ನನ್ನ ಕೈಗೆ ಬಂದಿದೆ. ಪ್ರತಿ ತಿಂಗಳು ತಪ್ಪದೆ ದಶಮಾಂಶ, ಅಂದರೆ ಆದಾಯದ ಹತ್ತನೇ ಪಾಲು, ಸಭೆಗೆ ಕೊಡುತ್ತೇನೆ. ಮೊನ್ನೆ ನಮ್ಮ ಪಾಸ್ಟರ್ ಪ್ರಸಂಗದಲ್ಲಿ, ನೀವು ಅಂಗಡಿಯ ಯಜಮಾನರಲ್ಲ, ದೇವರ ಮನೆವಾರ್ತೆಯವರು ಎಂದರು. ಆವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಯಾಕೆಂದರೆ ನಮ್ಮಲ್ಲಿ ರೈತ ತಂದ ಕಾಳಿನ ತೂಕದಲ್ಲಿ ಕ್ವಿಂಟಲ್‌ಗೆ ಒಂದು ಕೆ.ಜಿ. ಸೂಟು ಅಂತ ಮುರಿದುಕೊಳ್ಳುವುದು ಅಪ್ಪನ ಕಾಲದಿಂದ ಇದೆ. ಒಮ್ಮೊಮ್ಮೆ ರಸೀದಿ ಇಲ್ಲದೆ ಬಿಳಿ ಚೀಟಿಯಲ್ಲೇ ಲೆಕ್ಕ. ಅಕ್ಕಪಕ್ಕದ ಕೆಲವರೂ ಹಾಗೇ ಮಾಡುತ್ತಾರೆ. ನಾನೊಬ್ಬ ಬಿಟ್ಟರೆ ಅಂಗಡಿ ನಡೆಯುತ್ತಾ?
– ಹೆಸರು ಬೇಡ ಎಂದಿದ್ದಾರೆ, ದಾವಣಗೆರೆ

ಉತ್ತರ: ಅಣ್ಣಾ ಎಂದು ಕರೆದಿದ್ದೀಯ, ಅದಕ್ಕೆ ತಮ್ಮಾ ಎಂದೇ ಬರೆಯುತ್ತೇನೆ. ನಿದ್ದೆ ಬರುತ್ತಿಲ್ಲ ಎಂಬ ಮಾತು ಓದಿ ನನಗೆ ಸಂತೋಷವಾಯಿತು. ಈ ವಿಷಯಕ್ಕೆ ನಿದ್ದೆ ಕೆಡಬೇಕು.

ಮೊದಲು ಆ ಮಾತು ನೋಡೋಣ. ಮನೆವಾರ್ತೆಯವನು ಅಂದರೆ ಯಾರು? ಮನೆ ಅವನದಲ್ಲ, ಉಗ್ರಾಣ ಅವನದಲ್ಲ, ಬೀಗದ ಕೈ ಮಾತ್ರ ಅವನ ಸೊಂಟದಲ್ಲಿದೆ. ಆಳುಗಳಿಗೆ ಹೊತ್ತಿಗೆ ಸರಿಯಾಗಿ ಕಾಳು ಅಳೆದು ಕೊಡುವುದು ಅವನ ಕೆಲಸ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಇದೇ ಚಿತ್ರ ಇದೆ. 16ನೇ ಅಧ್ಯಾಯದಲ್ಲಿ ಯಜಮಾನ ಒಬ್ಬ ಮನೆವಾರ್ತೆಯವನನ್ನು ಕರೆದು ನಿನ್ನ ಲೆಕ್ಕ ಒಪ್ಪಿಸು ಅನ್ನುತ್ತಾನೆ. ನಾವು ಮಾತ್ರ ಏನು ಮಾಡಿಕೊಂಡಿದ್ದೇವೆ ಅಂದರೆ, ಹತ್ತರಲ್ಲಿ ಒಂದು ಪಾಲು ದೇವರದು, ಒಂಬತ್ತು ನನ್ನದು, ಆ ಒಂಬತ್ತು ಹೇಗೆ ಬಂತು, ಎಲ್ಲಿ ಹೋಯಿತು ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ ಅಂದುಕೊಂಡಿದ್ದೇವೆ. ಭೂಮಿಯೂ ಅದರಲ್ಲಿ ಇರುವುದೆಲ್ಲವೂ ದೇವರದು ಎಂದು 24ನೇ ಕೀರ್ತನೆ ಶುರುವಾಗುತ್ತದೆ. ಎಲ್ಲ ಅಂದರೆ ಎಲ್ಲ. ಹತ್ತೂ ಪಾಲು.

ಈಗ ನಿನ್ನ ಒಂದು ಕೆ.ಜಿ. ಲೆಕ್ಕ. ಕ್ವಿಂಟಲ್‌ಗೆ 2,000 ರೂಪಾಯಿ ದರ ಅಂದುಕೋ. ಒಂದು ಕೆ.ಜಿ. ಅಂದರೆ 20 ರೂಪಾಯಿ. ಜಗಳೂರು ಕಡೆಯ ಒಬ್ಬ ರೈತ 60 ಕ್ವಿಂಟಲ್ ತಂದರೆ ಅವನಿಗೆ 1,200 ರೂಪಾಯಿ ಹೋಯಿತು. ಮಳೆ ನಂಬಿ ಬೆಳೆದವನು, ಗೊಬ್ಬರಕ್ಕೆ ಸಾಲ ಮಾಡಿದವನು, ಅವನಿಗೆ ಅದು ಮೂರು ದಿನದ ಕೂಲಿ. ನೀನು ವರ್ಷಕ್ಕೆ 5,000 ಕ್ವಿಂಟಲ್ ಕೊಂಡರೆ ನಿನ್ನ ಹತ್ತಿರ ಸೇರಿದ್ದು ಒಂದು ಲಕ್ಷ. ಅದರಲ್ಲಿ 10,000 ದಶಮಾಂಶವಾಗಿ ಕಾಣಿಕೆ ಚೀಲಕ್ಕೆ ಬಿತ್ತು. ತೂಕದಲ್ಲಿ ರೈತನಿಂದ ತೆಗೆದಿದ್ದನ್ನೇ ದೇವರಿಗೆ ಕೊಟ್ಟ ಹಾಗಾಯಿತು, ಅಲ್ವಾ? ಕಟುವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಬೈಬಲ್‌ನಲ್ಲಿ ಪ್ರವಾದಿ ಆಮೋಸನ ಪುಸ್ತಕ ಓದಿದ್ದೀಯಾ? ಚಿಕ್ಕ ಪುಸ್ತಕ, ಒಂಬತ್ತೇ ಅಧ್ಯಾಯ. ಅವನು ಗುರು ಮನೆತನದವನಲ್ಲ. ದನಕುರಿ ಕಾಯುತ್ತಿದ್ದವನು, ಅತ್ತಿಹಣ್ಣಿನ ಮರ ನೋಡಿಕೊಳ್ಳುತ್ತಿದ್ದವನು, ನಮ್ಮ ಚಳ್ಳಕೆರೆ ಕಡೆ ಕುರಿ ಹಿಂಡಿನ ಹಿಂದೆ ನಡೆಯುವವರ ಹಾಗೆ. 8ನೇ ಅಧ್ಯಾಯದಲ್ಲಿ ಅವನು ಬೈಯುವುದು ಯಾರನ್ನು ಗೊತ್ತಾ? ಕಾಳಿನ ವ್ಯಾಪಾರಿಗಳನ್ನು. ಅವರು ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಆಚರಿಸುವವರೇ, ಆವತ್ತು ಅಂಗಡಿ ತೆಗೆಯುತ್ತಿರಲಿಲ್ಲ. ಆದರೆ ಈ ಸಬ್ಬತ್ ಯಾವಾಗ ಮುಗಿಯುತ್ತೋ, ಯಾವಾಗ ಮೂಟೆ ಬಿಚ್ಚುತ್ತೇವೋ ಅಂತ ಕಾಯುತ್ತಿದ್ದರು. ಅಳತೆ ಕಿರಿದು ಮಾಡಿ, ಬೆಲೆಯಾಗಿ ಬಂದ ಬೆಳ್ಳಿ ತೂಗುವ ಕಲ್ಲು ಭಾರ ಮಾಡಿ, ಕಾಳಿನ ಜೊತೆ ಕಸವನ್ನೂ ಮಾರುತ್ತಿದ್ದರು. ಎರಡು ಸಾವಿರದ ಏಳುನೂರು ವರ್ಷಕ್ಕೂ ಹಿಂದಿನ ಮಾತು ಇದು. ಸೂಟು ಎಂಬ ಹೆಸರೊಂದು ಇಲ್ಲ, ಅಷ್ಟೇ.

ಸರಿ, ಮಾಡುವುದೇನು? ಸೂಟಿಗೆ ವ್ಯಾಪಾರಿಗಳು ಕೊಡುವ ಕಾರಣ ನನಗೆ ಗೊತ್ತು. ಕಾಳು ಹಸಿ ಇರುತ್ತದೆ, ಒಣಗಿದ ಮೇಲೆ ತೂಕ ಇಳಿಯುತ್ತದೆ, ಮಣ್ಣು ರವದಿ ಇರುತ್ತದೆ. ಇದು ಸುಳ್ಳಲ್ಲ. ಬೆಂಬಲ ಬೆಲೆಯ ಖರೀದಿಯಲ್ಲೂ ಮೆಕ್ಕೆಜೋಳಕ್ಕೆ ತೇವಾಂಶ ಶೇ. 14 ಮೀರಬಾರದು ಅಂತಿದೆ. ಹಾಗಿದ್ದರೆ ತೇವಾಂಶ ನೋಡುವ ಮೀಟರ್ ಇಡು, ರೈತನ ಕಣ್ಣೆದುರೇ ನೋಡು, ಹಸಿ ಇದ್ದರೆ ದರದಲ್ಲಿ ಇಷ್ಟು ಕಡಿಮೆ ಅಂತ ಬಾಯಿಬಿಟ್ಟು ಹೇಳು. ತೂಕದಲ್ಲಿ ಕೈ ಹಾಕಬೇಡ. ದರ ಕಡಿಮೆ ಅಂದರೆ ರೈತ ಬೇಡ ಅಂತ ಮೂಟೆ ಹೊತ್ತು ಪಕ್ಕದ ಅಂಗಡಿಗೆ ಹೋಗಬಹುದು. ತೂಕದಲ್ಲಿ ಹೋದರೆ ಅವನಿಗೆ ಹೋಗಿದ್ದೇ ಗೊತ್ತಾಗಲ್ಲ, ಗೊತ್ತಾದರೂ ಬಾಯಿ ಬರಲ್ಲ. ಒಣಗಿಸಿ ಸ್ವಚ್ಛ ಮಾಡಿ ತಂದವನಿಗೂ ಒದ್ದೆ ತಂದವನಿಗೂ ಒಂದೇ ಸೂಟು ಅನ್ನುವುದು ಇನ್ನೊಂದು ಅನ್ಯಾಯ. ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸು, ಅಂಕಿ ರೈತನ ಕಡೆಗೆ ಕಾಣುವ ಹಾಗೆ ಇಡು. ಬಿಳಿ ಚೀಟಿ ಇವತ್ತೇ ನಿಲ್ಲಿಸು, ಇದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ. ನಾಳೆ ಹಣದ ತಕರಾರು ಬಂದರೆ ಆ ರೈತನ ಕೈಯಲ್ಲಿ ತೋರಿಸುವುದಕ್ಕೆ ಒಂದು ರಸೀದಿಯೂ ಇರುವುದಿಲ್ಲ.

ಅಂಗಡಿ ನಡೆಯುತ್ತಾ ಅಂತ ಕೇಳಿದ್ದೀಯ. ಪ್ರಾಮಾಣಿಕನಾದರೆ ದೇವರು ಎರಡು ಪಟ್ಟು ಕೊಡುತ್ತಾನೆ ಅಂತ ನಾನು ಬರೆಯಲ್ಲ. ಹಾಗೆ ಹೇಳಿದರೆ ಅದೂ ಒಂದು ವ್ಯಾಪಾರವೇ. ಮೊದಲ ಸುಗ್ಗಿಯಲ್ಲಿ ನಿನಗೆ ಕಷ್ಟ ಆಗಬಹುದು. ಸೂಟಿಲ್ಲದೆ ಕೊಂಡು ಪಕ್ಕದವರ ದರಕ್ಕೇ ನಿಂತರೆ ಕ್ವಿಂಟಲ್‌ಗೆ 20 ರೂಪಾಯಿ ನಿನ್ನ ಕೈಯಿಂದಲೇ ಹೋಗುತ್ತದೆ. ಅದಿಲ್ಲದೆ ಆಗುವುದೇ ಇಲ್ಲ ಅಂದರೆ 20 ಕಡಿಮೆ ದರ ಹೇಳಿ, ಪೂರ್ತಿ ತೂಕ ಕೊಟ್ಟು, ರೈತರಿಗೆ ಈ ಲೆಕ್ಕವನ್ನು ಕೂರಿಸಿಕೊಂಡು ಬಿಡಿಸಿ ಹೇಳು. ಅವರು ಲೆಕ್ಕ ಬಾರದವರಲ್ಲ. ಮನೆ ಖರ್ಚಿನಲ್ಲಿ, ಕಾರಿನಲ್ಲಿ ಏನು ಕಡಿಮೆ ಮಾಡಬಹುದು ಅಂತ ಹೆಂಡತಿ ಜೊತೆ ಮೊದಲೇ ಮಾತಾಡಿಕೋ.

ಹಿಂದಿನದಕ್ಕೆ ಜಕ್ಕಾಯನ ಕಥೆ ಇದೆ. ಸುಂಕದವನು, ಮರ ಹತ್ತಿದವನು. ಯೇಸು ಅವನ ಮನೆಗೆ ಹೋದ ದಿನ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರ ಹತ್ತಿರ ಅನ್ಯಾಯವಾಗಿ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ದೇವಾಲಯಕ್ಕೆ ಕೊಡುತ್ತೇನೆ ಅನ್ನಲಿಲ್ಲ ನೋಡು. ನಿನ್ನ ಹಳೇ ಪುಸ್ತಕದಲ್ಲಿ ಖಾಯಂ ರೈತರ ಹೆಸರುಗಳು ಇರುತ್ತವೆ. ಈ ಸುಗ್ಗಿಗೆ ಅವರು ಬಂದಾಗ ಹೋದ ವರ್ಷದ ಸೂಟನ್ನು ಲೆಕ್ಕ ಮಾಡಿ ಕೈಗೆ ಕೊಡು. ಅಪ್ಪನ ಹೆಸರು ಕೆಡುತ್ತೆ ಅಂತ ಹೆದರಬೇಡ, ಅಪ್ಪನ ಮಾತೇ ಎತ್ತಬೇಕಿಲ್ಲ, ನನ್ನ ಕಾಲದ ಲೆಕ್ಕ ಇದು ಅಂದರೆ ಸಾಕು.

ಇದನ್ನೆಲ್ಲ ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ನಾನು ಈ ಊರಿನಲ್ಲೇ ಚಿಕ್ಕ ಪ್ರಿಂಟಿಂಗ್ ಪ್ರೆಸ್ ನಡೆಸಿದವನು. ಒಂದು ವರ್ಷ ಒಬ್ಬ ದೊಡ್ಡ ಗಿರಾಕಿ ಹಣ ನಿಲ್ಲಿಸಿಬಿಟ್ಟರು. ನಾನು ಹುಡುಗರ ಸಂಬಳ ಎರಡು ತಿಂಗಳು ತಡ ಮಾಡಿದೆ. ಅದೇ ಎರಡು ತಿಂಗಳಲ್ಲಿ ನಮ್ಮ ಸಭೆಯ ಕಟ್ಟಡ ನಿಧಿಗೆ ನಾನು ಒಪ್ಪಿಕೊಂಡಿದ್ದ ಹಣವನ್ನು ಒಂದು ದಿನವೂ ತಡ ಮಾಡದೆ ಕಟ್ಟಿದೆ, ಎಲ್ಲರೆದುರು ನನ್ನ ಹೆಸರು ಓದಿದರು. ಆ ವಾರವೇ ಕಂಪೋಸಿಂಗ್ ಹುಡುಗನ ತಾಯಿ ಮನೆಗೆ ಬಂದರು. ಜಗಳ ಮಾಡಲಿಲ್ಲ. ಅಕ್ಕಿ ಮುಗಿದಿದೆ ಅಣ್ಣಾ ಅಂದರು, ಅಷ್ಟೇ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ನಾನು ಅದನ್ನು ಎಷ್ಟೋ ಸಲ ಓದಿದ್ದೆ. ಆವತ್ತಿನ ಹಾಗೆ ಯಾವತ್ತೂ ಕೇಳಿರಲಿಲ್ಲ. ಅದಾದ ಮೇಲೆ ಸಂಬಳದ ಹಣ ಬೇರೆ ಖಾತೆಗೆ ಹಾಕುವುದನ್ನು ರೂಢಿ ಮಾಡಿಕೊಂಡೆ. ನಿನ್ನ ಹಮಾಲರಿಗೂ ಇದೇ ಮಾತು.

ದಶಮಾಂಶ ನಿಲ್ಲಿಸು ಅಂತಲ್ಲ. ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಟ್ಟು ನ್ಯಾಯ, ಕರುಣೆ ಬಿಟ್ಟವರಿಗೆ ಯೇಸು ಹೇಳಿದ್ದು, ಇದನ್ನೂ ಮಾಡಿ, ಅದನ್ನೂ ಬಿಡಬೇಡಿ ಅಂತ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಆದರೂ ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಊರಿನ ಆರೋಗ್ಯಮಾತೆ ಗುಡಿಗೆ ಹೋಗುತ್ತೇನೆ. ನೀವು ಹೇಳುವ ಮನೆವಾರ್ತೆ ನಮ್ಮ ಕಾಯಕ, ದಾಸೋಹ ಅಲ್ಲವೇ?
– ಓದುಗರು, ಹರಿಹರ

ಉತ್ತರ: ತುಂಬಾ ಹತ್ತಿರ ಇದೆ ಸ್ವಾಮಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಅದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಮೋಶೆಯ ಧರ್ಮಶಾಸ್ತ್ರದಲ್ಲಿ ಇದರ ಇನ್ನೊಂದು ಬದಿ ಇದೆ. ಹೊಲದ ಮೂಲೆ ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಅದು ಬಡವರಿಗೂ ಪರದೇಶಿಗೂ ಇರಲಿ. ಆಯುವವರ ಪರವಾಗಿ ಹೊಲದ ಒಡೆಯನಿಗೆ ಹೇಳಿದ ಮಾತು ಅದು. ವ್ಯತ್ಯಾಸಗಳೂ ಇವೆ, ಆದರೆ ಲಕ್ಕಮ್ಮನಂಥವರು ಮನೆಯಲ್ಲಿದ್ದರೆ ಯಾವ ವ್ಯಾಪಾರಿಗೂ ನನ್ನ ಈ ಅಂಕಣ ಬೇಕಾಗುತ್ತಿರಲಿಲ್ಲ.

ಪ್ರಶ್ನೆ: ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಆರು ಜನ ಹೆಣ್ಣುಮಕ್ಕಳು ನನ್ನ ಜೊತೆ ಕೆಲಸ ಮಾಡುತ್ತಾರೆ. ಎಲ್ಲಾ ದೇವರದು ಅಂದಮೇಲೆ ಲಾಭ ಉಳಿಸುವುದು, ಯಂತ್ರ ಕೊಳ್ಳುವುದು ದುರಾಸೆ ಆಗುತ್ತಾ ಅಣ್ಣಾ?
– ಸಹೋದರಿ, ಚಿತ್ರದುರ್ಗ

ಉತ್ತರ: ಆಗಲ್ಲ ತಂಗಿ. ಮತ್ತಾಯನ 25ನೇ ಅಧ್ಯಾಯದಲ್ಲಿ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಸಿಗುತ್ತದೆ. ತಲಾಂತು ಅಂದರೆ ಚಿಲ್ಲರೆ ಕಾಸಲ್ಲ, ಒಬ್ಬ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಬೈಸಿಕೊಂಡವನು ವ್ಯಾಪಾರ ಮಾಡಿ ಬೆಳೆಸಿದವನಲ್ಲ, ಹೆದರಿ ಮಣ್ಣಿನಲ್ಲಿ ಹೂತಿಟ್ಟವನು. ನಮ್ಮ ಹಳೇ ಮನೆಗಳ ಮಂಗಳೂರು ಹೆಂಚು ಗೊತ್ತಲ್ಲ, ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಆ ಕಾರ್ಖಾನೆ ಶುರು ಮಾಡಿದರು. ಕ್ರೈಸ್ತರಾದ ಮೇಲೆ ಕಸುಬು, ಆಸರೆ ಕಳೆದುಕೊಂಡವರಿಗೆ ಕೆಲಸ ಬೇಕಾಗಿತ್ತು. ಕಾರ್ಖಾನೆ ಲಾಭ ಮಾಡಿತು, ಆ ಲಾಭ ಮಿಷನ್ ಕೆಲಸಕ್ಕೆ ಹೋಯಿತು. ಲಾಭವಿಲ್ಲದೆ ನಿಂತುಹೋಗಿದ್ದರೆ ಅಷ್ಟು ಜನರ ಅನ್ನ ಎಲ್ಲಿಂದ ಬರುತ್ತಿತ್ತು?

ಹಾಗಾಗಿ ಯಂತ್ರ ತಗೊಳ್ಳಿ. ಆದರೆ ಯಂತ್ರ ಬಂದ ದಿನ ಆರರಲ್ಲಿ ಇಬ್ಬರನ್ನು ಮನೆಗೆ ಕಳಿಸುವ ಲೆಕ್ಕ ಇದ್ದರೆ ಅದನ್ನು ಮೊದಲೇ ಅವರ ಜೊತೆ ಕೂತು ಮಾತಾಡಿ. ಅದೇ ಕೈಗಳಿಗೆ ಪ್ಯಾಕಿಂಗ್‌ನಲ್ಲಿ, ಹೊಸ ಅಂಗಡಿ ಹುಡುಕುವುದರಲ್ಲಿ ಕೆಲಸ ಇರಬಹುದು.

ಇನ್ನೊಂದು ಮಾತು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬೂಸ್ಟು ಹಿಡಿದ ಶೇಂಗಾ ಕಡಿಮೆ ರೇಟಿಗೆ ಸಿಗುತ್ತದೆ. ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಪುಡಿ ಮಾಡಿದರೆ ರುಚಿಯಲ್ಲಿ ಯಾರಿಗೂ ಗೊತ್ತಾಗಲ್ಲ. ಆದರೆ ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಲಿವರ್ ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಾಳು ಆರಿಸುವ ಕೂಲಿ ದಂಡ ಅಂತ ಯಾವತ್ತೂ ಅಂದುಕೊಳ್ಳಬೇಡಿ.

ನಿಮಗೂ ಒಂದು ಸಂಬಳ ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ, ಗಲ್ಲಾದಿಂದ ಸುಮ್ನೆ ಕೈಗೆ ಬಂದಷ್ಟು ತೆಗೆಯುವುದು ಬೇಡ. ಆರು ಜನರ ಸಂಬಳ, ನಿಮ್ಮ ಸಂಬಳ, ಶೇಂಗಾ, ಗ್ಯಾಸು, ಬಾಡಿಗೆ ಎಲ್ಲ ಹೋಗಿ ಏನು ಉಳಿಯಿತೋ ಅದು ಲಾಭ. ಮೂರು ತಿಂಗಳು ಹೀಗೆ ಬರೆದು ನನಗೆ ಇನ್ನೊಂದು ಪತ್ರ ಹಾಕಿ. ಯಂತ್ರದ ಕಂತು ಎಷ್ಟು ತಡೆಯುತ್ತೆ, ಆ ಹೆಣ್ಣುಮಕ್ಕಳಿಗೆ ಹಬ್ಬಕ್ಕೆ ಎಷ್ಟು ಕೊಡಬಹುದು ಅಂತ ಆಗ ಲೆಕ್ಕ ಹಾಕೋಣ.