ಚೇಳಿಗೆ ಮಾತ್ರ ಅಲ್ಲ ಯುವಿ ಟಾರ್ಚ್

ಸೋಮವಾರಪೇಟೆ ಕಡೆ ತೋಟದ ಮನೆ, ಚೇಳು ಹುಡುಕಲು ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ತಗೊಳ್ಳಬೇಕು, ಬೇರೆ ಉಪಯೋಗ ಇದೆಯಾ ಎಂದು ಕೇಳಿದ್ದೀರಿ. ಧಾರಾಳವಾಗಿ ತಗೊಳ್ಳಿ. ನಮ್ಮದೂ ಮಡಿಕೇರಿ ಹತ್ತಿರ ಕಾಫಿ ತೋಟ. ಮಳೆಗಾಲದಲ್ಲಿ ರಾತ್ರಿ ಸೌದೆ ಕೊಟ್ಟಿಗೆಗೆ ಹೋಗುವ ಮೊದಲು ಒಂದು ಸಲ ಬೆಳಕು ಬಿಡುತ್ತೇನೆ. ಚೇಳು ಇದ್ದರೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಆದರೆ ಆಗಷ್ಟೇ ಪೊರೆ ಬಿಟ್ಟ ಚೇಳು ಸರಿಯಾಗಿ ಹೊಳೆಯುವುದಿಲ್ಲ. ಹಾವು, ಜಿಗಣೆಗೆ ಇದನ್ನು ನಂಬಬೇಡಿ, ಮಾಮೂಲಿ ಟಾರ್ಚೂ ಕೈಯಲ್ಲಿರಲಿ.

ನನಗೆ ಜಾಸ್ತಿ ಉಪಯೋಗ ಆಗಿದ್ದು ನಾಯಿ, ಬೆಕ್ಕಿನ ಉಚ್ಚೆಯ ಕಲೆ ಹುಡುಕಲು. ಮಳೆಯಲ್ಲಿ ಮನೆಯೆಲ್ಲಾ ಮುಗ್ಗಲು ವಾಸನೆ, ಯಾವುದು ಯಾವುದರದ್ದು ಅಂತ ಗೊತ್ತಾಗಲ್ಲ ಅಲ್ವಾ? ಕತ್ತಲೆ ಮಾಡಿ ಬೆಳಕು ಬಿಟ್ಟರೆ ಕಲೆ ಹಳದಿಯಾಗಿ ಕಾಣುತ್ತದೆ. ಸೋಪಿನ ಪುಡಿ ಬಿದ್ದ ಜಾಗವೂ ಹೊಳೆಯುತ್ತದೆ, ಮೋಸಹೋಗಬೇಡಿ. ನೋಟು ಅಸಲಿಯೇ ಅಂತ ಅದರ ನಂಬರ್ ಹೊಳೆಯುತ್ತದೆಯೇ ನೋಡಲೂ ಆಗುತ್ತದೆ.

ಕೊಳ್ಳುವಾಗ ಬೆಳಕಿನ ತರಂಗಾಂತರ (ಅಲೆಯ ಉದ್ದ) 365 ನ್ಯಾನೋಮೀಟರಿನದ್ದು ನೋಡಿ. 395ರದ್ದು ಅಗ್ಗ, ಆದರೆ ನೇರಳೆ ಬೆಳಕೇ ಜಾಸ್ತಿ, ಮಂದ ಹೊಳಪು ಅದರಲ್ಲಿ ಮುಚ್ಚಿಹೋಗುತ್ತದೆ. ಕ್ರಿಮಿ ಸಾಯುತ್ತವೆ ಅಂತ ಅಂಗಡಿಯವರು ಹೇಳಿದರೆ ಸುಮ್ನೆ ನಕ್ಕುಬಿಡಿ, ಅದಕ್ಕೆ ಬೇಕಾದ ಯುವಿಸಿ (ಇನ್ನೂ ಕಡಿಮೆ ತರಂಗಾಂತರದ ಯುವಿ) ದೀಪವೇ ಬೇರೆ. ಕಣ್ಣಿಗೆ ಮಾತ್ರ ನೇರವಾಗಿ ಬಿಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.