ಕಾಯುವುದೂ ಧೈರ್ಯವೇ?

ತಾವು ಕೇಳಿರುವುದು, ಕಷ್ಟಕಾಲದಲ್ಲಿ ಏನನ್ನೂ ಮಾಡಲಾಗದೆ ಸುಮ್ಮನೆ ಕಾಯುವವರನ್ನು ಧೈರ್ಯವಂತರೆನ್ನಬಹುದೇ ಎಂದು. ಎನ್ನಬಹುದು ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಅಂಟಾರ್ಕ್ಟಿಕ ಅನ್ವೇಷಕ ಫ್ರಾಂಕ್ ವೈಲ್ಡ್ ನನ್ನ ಸಾಕ್ಷಿ.

ಅವನಿದ್ದ ಅನ್ವೇಷಣಾ ತಂಡದ ಎಂಡ್ಯೂರೆನ್ಸ್ ಹಡಗು 1915ರ ನವೆಂಬರಿನಲ್ಲಿ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲಿ ಮುಳುಗಿದ ಮೇಲೆ, ಅದರ 28 ಮಂದಿ ಹೇಗೋ ಎಲಿಫೆಂಟ್ ದ್ವೀಪವನ್ನು ತಲುಪಿದರು. ನಾಯಕ ಶ್ಯಾಕಲ್ಟನ್ 1916ರ ಏಪ್ರಿಲ್ 24ರಂದು ಐವರೊಡನೆ ಸಣ್ಣ ದೋಣಿಯಲ್ಲಿ ಸಹಾಯ ತರಲು ಹೊರಟ. ಆ ಸಾಹಸವನ್ನು ಲೋಕವೆಲ್ಲ ಕೊಂಡಾಡುತ್ತದೆ, ಅದು ನ್ಯಾಯವೂ ಹೌದು. ಆದರೆ ದ್ವೀಪದಲ್ಲೇ ಉಳಿದ 22 ಮಂದಿ, ಮಗುಚಿ ಹಾಕಿದ ಎರಡು ದೋಣಿಗಳ ಕೆಳಗೆ, ಸೀಲ್ ಮತ್ತು ಪೆಂಗ್ವಿನ್ ಮಾಂಸವನ್ನು ತಿಂದು, ನಾಯಕ ಬದುಕಿದ್ದಾನೋ ಇಲ್ಲವೋ ಎಂಬುದೇ ತಿಳಿಯದೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಳೆದರು. ಹಿಮಹುಣ್ಣಿನಿಂದ ಕೊಳೆತ ಕಿರಿಯ ನಾವಿಕನೊಬ್ಬನ ಕಾಲ್ಬೆರಳುಗಳನ್ನು ವೈದ್ಯರು ಅಲ್ಲಿಯೇ ಕತ್ತರಿಸಬೇಕಾಯಿತು. ಅವರ ಹೊಣೆ ಹೊತ್ತಿದ್ದ ವೈಲ್ಡ್, ನಾಯಕ ಇಂದೇ ಬರಬಹುದೆಂದು ಹೇಳಿ, ದಿನವೂ ಎಲ್ಲರಿಂದ ಹಾಸಿಗೆ ಸುತ್ತಿಸುತ್ತಿದ್ದ. ನೂರು ದಿನ ಸುಳ್ಳಾದ ಮಾತನ್ನು ಮರುದಿನವೂ ಅದೇ ದನಿಯಲ್ಲಿ ಹೇಳುವುದು, ನನ್ನ ಮಟ್ಟಿಗೆ, ಅಲೆಗಳೊಡನೆ ಸೆಣಸುವುದಕ್ಕಿಂತ ಕಠಿಣ.

ಅವರನ್ನು ಪಾರುಮಾಡಲು ಶ್ಯಾಕಲ್ಟನ್ ಮಾಡಿದ ಮೂರು ಪ್ರಯತ್ನಗಳು ವಿಫಲವಾಗಿ, ಆಗಸ್ಟ್ 30ರಂದು ಚಿಲಿಯ ಯೆಲ್ಚೊ ನೌಕೆ ಬಂದಾಗ 22 ಮಂದಿಯೂ ಜೀವಂತವಾಗಿದ್ದರು.