ಮನೆಯಲ್ಲಿ ಮಾಡಿದ ಬಿಯರ್‌ನಲ್ಲಿ ಗ್ಯಾಸೂ ಇಲ್ಲ, ನೀರುನೀರಾಗಿದೆ. ಸಕ್ಕರೆ ಜಾಸ್ತಿ ಹಾಕಲೇ?

ಬೇಡ. ಐದು ಗ್ಯಾಲನ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಬಾಟಲಿಗೆ ತುಂಬಿ ವಾರವಾಯಿತು, ಗ್ಯಾರೇಜಿನಲ್ಲಿಟ್ಟಿದ್ದೇನೆ ಅಂದಿದ್ದೀರಿ. ಈ ಚಳಿಯಲ್ಲಿ ಗ್ಯಾರೇಜೇ? ನಾನಿರುವುದು ಸಿಯಾಟಲ್‌ನಲ್ಲಿ. ಇಲ್ಲಿ ಡಿಸೆಂಬರ್‌ನಲ್ಲಿ ಇಡ್ಲಿ ಹಿಟ್ಟೇ ಉಬ್ಬುವುದಿಲ್ಲ, ಬಾಟಲಿಯೊಳಗೆ ಸಕ್ಕರೆ ತಿಂದು ಗ್ಯಾಸ್ ಮಾಡುವ ಯೀಸ್ಟ್ ಪಾಡೂ ಅಷ್ಟೇ. ಬಾಟಲಿಗಳನ್ನು ಒಳಗೆ ತಂದು 20ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇನ್ನೆರಡು ವಾರ ಬಿಡಿ.

ಸಕ್ಕರೆ ಪಾಠ ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಮೊದಲ ವರ್ಷ ಲೋಟದಲ್ಲಿ ಅಂದಾಜಿಗೆ ಸುರಿದಿದ್ದೆ. ಹತ್ತನೇ ರಾತ್ರಿ ಕ್ಲಾಸೆಟ್‌ನಲ್ಲಿ ಢಬ್ ಅಂತು. ಮೂರು ಬಾಟಲಿ ಚೂರುಚೂರು, ನೇತುಹಾಕಿದ್ದ ಮದುವೆ ಸೂಟಿಗೆ ಬಿಯರ್ ಅಭಿಷೇಕ. ಆಮೇಲೆ ತಕ್ಕಡಿ ತಂದೆ. ಪೇಲ್ ಏಲ್‌ಗೆ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸಾಕು, ನಿಮ್ಮ 19 ಲೀಟರಿಗೆ 115 ಗ್ರಾಂ. ಬಾಟಲಿಗೆ ತುಂಬುವ ಮುನ್ನ ಅದನ್ನು ನೀರಲ್ಲಿ ಕುದಿಸಿ, ಆರಿಸಿ, ಇಡೀ ಬಿಯರ್‌ಗೆ ನಿಧಾನವಾಗಿ ಬೆರೆಸಿ. ಅದಕ್ಕೂ ಮೊದಲು ಹೈಡ್ರೋಮೀಟರ್ (ಬಿಯರ್‌ನಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯುವ ಸಾಧನ) ರೀಡಿಂಗ್ ಮೂರು ದಿನ ಅಲ್ಲಾಡದೆ ನಿಂತಿರಬೇಕು.

ತುಂಬುವಾಗ ಒಂದು ಬಾಟಲಿ ಮಾತ್ರ ಪ್ಲಾಸ್ಟಿಕ್ಕಿನದು ತುಂಬಿ. ಹಳೆಯ ಸೋಡಾ ಬಾಟಲಿ ತೊಳೆದಿದ್ದರೂ ಆಯಿತು. ದಿನಾ ಹಿಚುಕಿ ನೋಡಿ. ಅಂಗಡಿಯ ಸೋಡಾ ಬಾಟಲಿ ಥರ ಗಟ್ಟಿಯಾದರೆ ಗ್ಯಾಸ್ ಕೂಡಿದೆ ಅಂತ ಅರ್ಥ. ಗಾಜಿನ ಬಾಟಲಿ ನೋಡಿದರೆ ಏನೂ ಗೊತ್ತಾಗಲ್ಲ.

ಇನ್ನು ನೀರುನೀರು ಅನ್ನೋದು ಬೇರೆಯೇ ರೋಗ. ಅದಕ್ಕೆ ಗ್ಯಾಸ್ ಮದ್ದಲ್ಲ. ಗ್ಯಾಸ್ ಮಿತಿಮೀರಿದರೆ ನಾಲಿಗೆ ಚುಚ್ಚುತ್ತದೆ, ಬಿಯರ್ ಇನ್ನೂ ತೆಳು ಅನ್ನಿಸುತ್ತದೆ. ಬಿಯರ್‌ಗೆ ಮೈ, ಅಂದರೆ ಬಾಯಲ್ಲಿ ದಪ್ಪ ಅನ್ನಿಸುವ ಗುಣ, ಬರುವುದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸುವಾಗ. 64 ಡಿಗ್ರಿಯಲ್ಲಿ ಬಿಟ್ಟರೆ ಹೆಚ್ಚಿನದೆಲ್ಲ ಯೀಸ್ಟ್ ತಿನ್ನುವ ಸಕ್ಕರೆಯಾಗಿ ಕರಗಿ ಬಿಯರ್ ತೆಳುವಾಗುತ್ತದೆ. 68ರಲ್ಲಿಟ್ಟರೆ ಯೀಸ್ಟ್‌ಗೆ ಜೀರ್ಣವಾಗದ ಡೆಕ್ಸ್ಟ್ರಿನ್ ಅನ್ನೋ ಪಿಷ್ಟದ ತುಣುಕು ಜಾಸ್ತಿ ಉಳಿಯುತ್ತದೆ, ಬಾಯಿ ತುಂಬುತ್ತದೆ. ಜೊತೆಗೆ ಅರ್ಧ ಕಿಲೋ ಓಟ್ಸ್ ಹಾಕಿ ನೋಡಿ, ಗಂಜಿಯಲ್ಲಿರುತ್ತದಲ್ವಾ, ಅದೇ ನುಣುಪು ಬರುತ್ತದೆ. ಆದರೆ ಇದೆಲ್ಲ ಮುಂದಿನ ಸಲಕ್ಕೆ.

ಈಗಿರುವುದಕ್ಕೆ ಸುಮ್ನೆ ಕಾಯಿರಿ. ಪ್ಲಾಸ್ಟಿಕ್ ಬಾಟಲಿ ಇಲ್ಲದಿದ್ದರೆ ಎರಡು ವಾರವಾದ ಮೇಲೆ ಒಂದನ್ನು ಎರಡು ದಿನ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬೆಚ್ಚಗಿರುವಾಗಲೇ ತೆಗೆದರೆ ಗ್ಯಾಸ್ ಬಿಯರ್‌ನಲ್ಲಿ ನಿಲ್ಲದೆ ನೊರೆಯಾಗಿ ಸಿಂಕ್ ಸೇರುತ್ತದೆ.